ಭಾವ ಫಾರ್ವರ್ಡ್ ಮಾಡಿದ ಬ್ಲಾಸ್ಟಿಂಗ್ ಪೆಟ್ಟಿಗೆ

ಗುಂಪು: ಮನೆಮಂದಿ

ಭಾವ: (ಫೋಟೋ) ಇದು ನೋಡಿ. ಸ್ಯಾಂಡ್‌ಬ್ಲಾಸ್ಟಿಂಗ್ ಕ್ಯಾಬಿನೆಟ್, ಗಾಳಿ ಜೊತೆ ಪುಡಿ ರಭಸವಾಗಿ ಹೊಡೆದು ತುಕ್ಕು ತೆಗೆಯೋ ಪೆಟ್ಟಿಗೆ, ಮೇಜಿನ ಮೇಲೆ ಇಡೋ ಸೈಜು. ಗ್ಲೌಸು, ಗನ್ನು, ನಾಲ್ಕು ನಾಝಲ್ಲು, ಒಳಗೊಂದು ಲೈಟು, ಎಲ್ಲಾ ಜೊತೆಗೇ ಕೊಡ್ತಾರಂತೆ. 'ಯಾವುದೇ ಕಂಪ್ರೆಸರಿಗೆ ಹೊಂದುತ್ತದೆ' ಅಂತಲೂ ಹಾಕಿದ್ದಾರೆ.

ಅಣ್ಣ: ಭಾವ!! ಇದನ್ನೇ ಹುಡುಕ್ತಿದ್ದೆ. ಬೈಕಿನ ಇಂಜಿನ್ ಕವರು, ಹಬ್ಬು, ಬ್ರೇಕ್ ಪ್ಲೇಟು ಎಲ್ಲಾ ವೈರ್ ಬ್ರಶ್ಶಲ್ಲಿ ತಿಕ್ಕಿ ತಿಕ್ಕಿ ಕೈ ಬಿದ್ದುಹೋಗಿದೆ

ಅಣ್ಣ: ಇವತ್ತೇ ಆರ್ಡರ್ ಹಾಕ್ತೀನಿ

ನಾನು: ತಡಿ ತಡಿ. ನಿನ್ನ ಕಂಪ್ರೆಸರ್ ಎಷ್ಟು ಗಾಳಿ ಕೊಡುತ್ತೆ?

ಅಣ್ಣ: 2 ಎಚ್‌ಪಿ, 50 ಲೀಟರ್ ಟ್ಯಾಂಕು. ಒತ್ತಡ 8 ಬಾರ್‌ವರೆಗೂ ಏರುತ್ತೆ. ಇನ್ನೇನು ಬೇಕು?

ನಾನು: ಬಾರ್ ಕೇಳ್ಲಿಲ್ಲ. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ, ಅಂದ್ರೆ ಎಷ್ಟು ಸಿಎಫ್‌ಎಂ ಅಂತ ಕೇಳಿದ್ದು.

ಅಣ್ಣ: ಸ್ಟಿಕ್ಕರ್ ಮೇಲೆ 8 ಅಂತಿದೆ

ನಾನು: ಅದು ಪಿಸ್ಟನ್ ಎಳ್ಕೊಳ್ಳೋ ಲೆಕ್ಕ ಇರುತ್ತೆ ಹೆಚ್ಚಾಗಿ. ಒತ್ತಡ ಏರಿದ ಮೇಲೆ ಪೈಪಿಗೆ ಬರೋದು ಅದಕ್ಕಿಂತ ಎಷ್ಟೋ ಕಮ್ಮಿ. 1/8 ಇಂಚಿನ ತೂತಿಂದ 6 ಬಾರ್‌ನಲ್ಲಿ ಗಾಳಿ ಬಿಟ್ರೆ ಸುಮಾರು 18 ಸಿಎಫ್‌ಎಂ ತಿನ್ನುತ್ತೆ. ನಿಮಿಷಕ್ಕೆ ಐನೂರು ಲೀಟರ್ ಮೇಲೆ.

ಭಾವ: ಟ್ಯಾಂಕು ಅಂತ ಇಟ್ಟಿರೋದು ಯಾಕಮ್ಮ ಮತ್ತೆ? ತುಂಬಿರೋ ಗಾಳಿಯಲ್ಲಿ ನಡೆಯುತ್ತೆ. ಸ್ಪ್ರೇ ಪೇಂಟ್ ಹೊಡೆಯಲ್ವಾ ಅವನು?

ನಾನು: ಭಾವ, ಸ್ಪ್ರೇ ಗನ್ ಬಿಟ್ಟು ಬಿಟ್ಟು ಹೊಡೀತೀವಿ. ಇದರಲ್ಲಿ ಟ್ರಿಗರ್ ಒತ್ತಿದ್ರೆ ಒತ್ತೇ ಇರ್ಬೇಕು.

ಅಣ್ಣ: ಸಣ್ಣ ನಾಝಲ್ ಹಾಕ್ಕೊಂಡ್ರಾಯ್ತು. ನಾಲ್ಕು ಕೊಟ್ಟಿದ್ದಾರಲ್ಲ

ನಾನು: ಅಲ್ಲೇ ಎಲ್ಲರೂ ಎಡವೋದು. ಇದು ಸೈಫನ್ ಗನ್. ಒಳಗೊಂದು ಏರ್ ಜೆಟ್ ಇರುತ್ತೆ, ಅದರಿಂದ ಗಾಳಿ ನುಗ್ಗಿದಾಗ ಆಗೋ ಎಳೆತಕ್ಕೆ ಕೆಳಗಿನ ಹಾಪರಿಂದ, ಅಂದ್ರೆ ಪುಡಿ ತುಂಬೋ ತೊಟ್ಟಿಯಿಂದ, ಪುಡಿ ಮೇಲೆ ಬರುತ್ತೆ, ಎರಡೂ ಸೇರಿ ಮುಂದಿನ ನಾಝಲ್ಲಿಂದ ಹೊರಗೆ. ಗಾಳಿ ಎಷ್ಟು ಅನ್ನೋದನ್ನ ತೀರ್ಮಾನ ಮಾಡೋದು ಒಳಗಿನ ಜೆಟ್ಟು. ನೀನು ಮುಂದಿನ ನಾಝಲ್ ನಾಲ್ಕು ಸಲ ಬದಲಾಯಿಸಿದ್ರೂ ಕಂಪ್ರೆಸರಿಗೆ ಗೊತ್ತೂ ಆಗಲ್ಲ. ಮಾರೋರನ್ನ ಕೇಳ್ಬೇಕಾದ್ದು ಜೆಟ್ಟಿನ ಅಳತೆ. ಆ ಫೋಟೋದಲ್ಲಿ ಅದೊಂದೇ ಬರೆದಿಲ್ಲ ನೋಡು.

ಭಾವ: ಅವರೇನು ಸುಳ್ಳು ಹೇಳ್ತಾರಾ? ಯಾವುದೇ ಕಂಪ್ರೆಸರಿಗೆ ಹೊಂದುತ್ತೆ ಅಂತ ದಪ್ಪ ಅಕ್ಷರದಲ್ಲಿದೆ.

ನಾನು: ಪೈಪು ಹೊಂದುತ್ತೆ ಭಾವ. ಕೆಲಸ ಹೊಂದಲ್ಲ.

ತಮ್ಮ: 😂😂

ಅಕ್ಕ: ನೀನು ನಗಬೇಡ. ಅವರು ಪಾಪ ಹುಡುಕಿ ಕಳ್ಸಿದ್ದಾರೆ.

ಅಣ್ಣ: ಇವಳು ಫ್ಯಾಕ್ಟರಿ ಫಿನಿಶಿಂಗ್ ಸೆಕ್ಷನ್ನಲ್ಲಿದ್ದಾಳೆ ಅಂತ ಎಲ್ಲಾದಕ್ಕೂ ಫ್ಯಾಕ್ಟರಿ ಲೆಕ್ಕ ಹಾಕ್ತಾಳೆ. ನಂದು ಮನೆ ಕೆಲಸ ಕಣೇ. ನಿಧಾನ ಆದ್ರೆ ಆಗ್ಲಿ. ಮರಳಿಗೆ ಅಂತೂ ಖರ್ಚಿಲ್ಲ, ಮನೆ ಹಿಂದೆ ಗುಡ್ಡೆ ಬಿದ್ದಿದೆ. ಜರಡಿ ಹಿಡಿದು ಒಣಗಿಸಿ ಹಾಕ್ತೀನಿ

ಚಿಕ್ಕಪ್ಪ: ಮರಳು ಹಾಕಬೇಡ.

ಅಣ್ಣ: ಯಾಕೆ ಚಿಕ್ಕಪ್ಪ? ಹೆಸರೇ ಸ್ಯಾಂಡ್‌ಬ್ಲಾಸ್ಟಿಂಗ್ ಅಲ್ವಾ

ಚಿಕ್ಕಪ್ಪ: ಟೈಪ್ ಮಾಡ್ತಿದ್ದೀನಿ ಇರು.

ಚಿಕ್ಕಪ್ಪ: ನಾನು ಫೌಂಡ್ರಿಯಲ್ಲಿದ್ದಾಗ ಎರಕದ ಮೇಲಿನ ಮರಳು ತೆಗೆಯೋ ಕಡೆ ಇಬ್ಬರು ನನ್ನ ಜೊತೆಯವರು. ಬಾಯಿಗೆ ಟವೆಲ್ ಕಟ್ಕೊಂಡು ಕೆಲಸ ಮಾಡ್ತಿದ್ರು. ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೆ ಒಬ್ಬನಿಗೆ ಒಂದು ಮಹಡಿ ಮೆಟ್ಟಿಲು ಹತ್ತಕ್ಕಾಗ್ತಿರಲಿಲ್ಲ, ಅರ್ಧದಲ್ಲಿ ಕೂತ್ಬಿಡ್ತಿದ್ದ. ಸಿಲಿಕೋಸಿಸ್. ಮರಳಲ್ಲಿರೋ ಸಿಲಿಕಾ ಹೊಡೆತಕ್ಕೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣಗಾಗಿ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತೆ. ಒಳಗೆ ಗಾಯದ ಕಲೆ ಕಟ್ಟುತ್ತೆ. ಔಷಧಿಯಿಂದ ವಾಸಿ ಆಗೋದಲ್ಲ ಅದು. ಬ್ರಿಟನ್ನಿನಲ್ಲಿ 1949ರಲ್ಲೇ ಬ್ಲಾಸ್ಟಿಂಗಿಗೆ ಮರಳು ಬೇಡ ಅಂತ ಕಾನೂನು ಮಾಡಿದ್ರು. ನೀನು ಗುಡ್ಡೆ ಇದೆ ಅಂತೀಯ.

ತಮ್ಮ: ಹೌದಣ್ಣ. ಜೀನ್ಸ್ ಹಳೇದರ ಹಾಗೆ ಕಾಣ್ಲಿ ಅಂತ ಮರಳು ಹೊಡೀತಿದ್ರಲ್ಲ, ಟರ್ಕಿಯಲ್ಲಿ ಆ ಕೆಲಸ ಮಾಡಿದ ಚಿಕ್ಕ ವಯಸ್ಸಿನವರಿಗೆಲ್ಲ ಇದೇ ಕಾಯಿಲೆ ಬಂತು. 2009ರಲ್ಲಿ ಅಲ್ಲಿ ನಿಷೇಧ ಮಾಡಿದ್ರು

ಅಕ್ಕ: ಅಯ್ಯೋ ಬರೀ ಜೀನ್ಸಿಗೆ?

ಭಾವ: ಅವರೆಲ್ಲ ಬಯಲಲ್ಲಿ ಹೊಡೆದೋರು. ಇದು ಮುಚ್ಚಿದ ಪೆಟ್ಟಿಗೆ. ಧೂಳು ಹೊರಗೆ ಬರೋದಾದ್ರೂ ಎಲ್ಲಿಂದ?

ನಾನು: ನಿಮಿಷಕ್ಕೆ ನೂರಾರು ಲೀಟರ್ ಗಾಳಿ ಒಳಗೆ ಹೋಗ್ತಿದೆ ಭಾವ. ಅದು ಎಲ್ಲಿಂದಾದ್ರೂ ಹೊರಗೆ ಬರ್ಲೇಬೇಕಲ್ಲ. ಹೀರೋ ಫ್ಯಾನು ಇಲ್ದಿದ್ರೆ ಬಾಗಿಲ ಸಂದು, ಗ್ಲೌಸಿನ ಬಳೆ, ತಗಡಿನ ಮಡಿಕೆ, ಸಿಕ್ಕ ಸಿಕ್ಕ ಕಡೆಯಿಂದ ಧೂಳು ಹೊತ್ಕೊಂಡೇ ಬರುತ್ತೆ. ಪೆಟ್ಟಿಗೆ ಒಳಗೆ ಹೊರಗಿಗಿಂತ ಒತ್ತಡ ಕಮ್ಮಿ ಇರ್ಬೇಕು, ಆಗ ಸಂದಿನಿಂದ ಗಾಳಿ ಒಳಗೆ ಹೋಗುತ್ತೆ, ಧೂಳು ಹೊರಗೆ ಬರಲ್ಲ. ಅದಕ್ಕೆ ಡಸ್ಟ್ ಕಲೆಕ್ಟರ್. ಆ ಫೋಟೋದಲ್ಲಿ ಹಿಂದೆ ಒಂದು ಬಟ್ಟೆ ಚೀಲ ನೇತಾಡ್ತಿದೆ ನೋಡಿ, ಒರಟು ಧೂಳು ಹಿಡಿಯುತ್ತೆ ಅಷ್ಟೆ, ಕಾಯಿಲೆ ತರೋ ಸಣ್ಣದು ಸಲೀಸಾಗಿ ದಾಟ್ಕೊಂಡು ಬರುತ್ತೆ.

ನಾನು: ಎಳೆಯೋದು ಇಲ್ದಿದ್ರೆ ಕೆಲಸವೂ ಆಗಲ್ಲ. ಅರ್ಧ ನಿಮಿಷಕ್ಕೆ ಒಳಗೆಲ್ಲ ಮಂಜು, ಕೈಯಲ್ಲಿರೋ ಹಬ್ಬೇ ಕಾಣಲ್ಲ.

ಅತ್ತಿಗೆ: ಇಷ್ಟು ಹೊತ್ತು ಓದ್ತಾ ಇದ್ದೆ. ಇದನ್ನ ಎಲ್ಲಿ ಇಡ್ತಾರೆ ಅಂತ ಯಾರೂ ಕೇಳ್ಲಿಲ್ಲ. ಶೆಡ್ಡಲ್ಲಿ ನನ್ನ ಹೊಲಿಗೆ ಮಿಷನ್ ಇದೆ.

ಅಣ್ಣ: ಮೂಲೆಯಲ್ಲಿ ಇಡ್ತೀನಿ ಕಣೇ

ಅತ್ತಿಗೆ: ಧೂಳಿಗೆ ಮೂಲೆ ಯಾವುದು ನಡು ಯಾವುದು?

ತಮ್ಮ: ಅತ್ತಿಗೆ 👏

ಅತ್ತಿಗೆ: ಇನ್ನೊಂದು. ಹಳೇ ಬಣ್ಣದಲ್ಲಿ ಸೀಸ ಇರುತ್ತಂತಲ್ಲ. ಆ ಬೈಕು ಇವರ ಅಪ್ಪನ ಕಾಲದ್ದು. ಮಕ್ಕಳು ಅಲ್ಲೇ ಓಡಾಡ್ತಾರೆ.

ನಾನು: ಸರಿಯಾದ ಪ್ರಶ್ನೆ ಅತ್ತಿಗೆ. ಹಳೇ ಪೇಂಟನ್ನ ಬ್ಲಾಸ್ಟ್ ಮಾಡಲೇಬಾರದು, ರಿಮೂವರ್ ಹಚ್ಚಿ ಹಸಿಯಾಗಿರುವಾಗಲೇ ಕೆರೆದು ತೆಗೀಬೇಕು. ಪೆಟ್ಟಿಗೆಗೆ ಹೋಗೋದು ಬರೀ ಲೋಹ, ಅದೂ ಎಣ್ಣೆ ಜಿಡ್ಡು ತೊಳೆದು ಒಣಗಿಸಿದ್ದು. ಜಿಡ್ಡು ಸಮೇತ ಹಾಕಿದ್ರೆ ಪುಡಿಯೆಲ್ಲ ಕೆಟ್ಟುಹೋಗುತ್ತೆ, ಆಮೇಲೆ ಪ್ರತಿ ಪಾರ್ಟಿಗೂ ಅದೇ ಎಣ್ಣೆ ಬಳ್ಕೊಳ್ಳುತ್ತೆ.

ಅಕ್ಕ: ಇಷ್ಟೆಲ್ಲ ರಾಮಾಯಣ ಯಾಕೆ? ಹೊರಗೆ ಕೊಟ್ಟು ಮಾಡಿಸಿದ್ರೆ ಒಂದೇ ದಿನ.

ಅಣ್ಣ: ಕೊಟ್ಟಿದ್ನಲ್ಲಕ್ಕ ಒಂದು ಸಲ. ದೊಡ್ಡ ಗೇಟು ಗ್ರಿಲ್ಲು ಹೊಡೆಯೋ ಪುಡಿಯಲ್ಲೇ ಹೊಡೆದು ಕೊಟ್ರು. ಬೇರಿಂಗ್ ಕೂರೋ ಜಾಗ ಉಪ್ಪು ಕಾಗದದ ಹಾಗೆ, ಥ್ರೆಡ್ಡು ಅರ್ಧಕ್ಕರ್ಧ ಮಾಯ. ಬೋಲ್ಟ್ ಹಾಕಿದ್ರೆ ಸುಮ್ನೆ ತಿರುಗುತ್ತೆ

ನಾನು: ಇದನ್ನ ಒಪ್ತೀನಿ. ಮನೇಲಿ ಮಾಡೋದರ ಲಾಭ ಇರೋದೇ ಅಲ್ಲಿ. ಪ್ರತಿ ತೂತಿಗೂ ಹಳೇ ಬೋಲ್ಟು ಇಲ್ಲಾ ರಬ್ಬರ್ ಬಿರಡೆ, ಮಿಷನಿಂಗ್ ಆದ ಮುಖಕ್ಕೆಲ್ಲ ದಪ್ಪ ಟೇಪು. ಬಾಡಿಗೆ ಕೆಲಸದವರು ಅಷ್ಟು ಹೊತ್ತು ಕೂರಲ್ಲ.

ಭಾವ: ಅಂತೂ ಒಪ್ಪಿದ್ಲು! ಆರ್ಡರ್ ಹಾಕೋ.

ನಾನು: ಕ್ಯಾಬಿನೆಟ್ ಬೇಡ ಅಂತ ಯಾವಾಗ ಅಂದೆ? ಈ ಕ್ಯಾಬಿನೆಟ್ ಬೇಡ ಅಂದೆ.

ಅಣ್ಣ: ಇದಕ್ಕೇನಾಗಿದೆ ಈಗ

ನಾನು: ಹಾಪರ್ ನೋಡು. ತಳ ಹೆಚ್ಚುಕಮ್ಮಿ ಚಪ್ಪಟೆ. ಪುಡಿ ತಾನಾಗಿ ಜಾರಿ ಪಿಕಪ್ ಪೈಪಿನ ಬಾಯಿಗೆ ಬರ್ಬೇಕು, ಅದಕ್ಕೆ ಕಡಿದಾದ ಇಳಿಜಾರು ಬೇಕು. ಇದರಲ್ಲಿ ಎರಡು ನಿಮಿಷಕ್ಕೊಂದು ಸಲ ಗ್ಲೌಸಿನ ಕೈಯಲ್ಲೇ ಪುಡಿ ಗೋರಿ ಗೋರಿ ನಡುವಿಗೆ ತಳ್ತಾ ಇರ್ಬೇಕು. ಕಾಲಿರೋದು, ನೆಲದ ಮೇಲೆ ನಿಲ್ಲೋದು ತಗೋ. ಜಾಗವೂ ಮೇಜಿನಷ್ಟೇ ಹಿಡಿಯುತ್ತೆ, ಹಾಪರಿಗೆ ಎತ್ತರ ಸಿಗುತ್ತೆ. ಬಾಗಿಲು ಪಕ್ಕದಲ್ಲಿರ್ಲಿ. ಮೇಲಿನ ಮುಚ್ಚಳ ಎತ್ತಿದ್ರೆ ಅಂಚಲ್ಲಿ ಕೂತ ಧೂಳೆಲ್ಲ ಮುಖಕ್ಕೇ.

ಅಣ್ಣ: ಸೈಜು?

ನಾನು: ಹೇಳೋ ಅಳತೆ ಹೊರಗಿನದು. ಮಧ್ಯದಲ್ಲಿ ಜಾಲರಿ ಬರುತ್ತೆ, ಮೇಲೆ ಲೈಟು, ಎರಡೂ ಜಾಗ ತಿನ್ನುತ್ತೆ. ಒಂದು ಕೆಲಸ ಮಾಡು. ರಟ್ಟಿನ ಡಬ್ಬ ಒಂದನ್ನ ಒಳ ಅಳತೆಗೆ ಕತ್ತರಿಸಿ ಮುಂದೆ ಎರಡು ಕೈತೂತು ಕೊರಿ. ನಿನ್ನ ಅತಿ ದೊಡ್ಡ ಪಾರ್ಟು ಒಳಗಿಟ್ಟು, ಒಂದು ಕೈಯಲ್ಲಿ ಡ್ರಿಲ್ಲೋ ಏನೋ ಗನ್ನಿನಷ್ಟುದ್ದದ್ದು ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಪಾರ್ಟ್ ತಿರುಗಿಸಿ ನೋಡು. ಗನ್ನಿನ ಮೂತಿಗೂ ಪಾರ್ಟಿಗೂ ನಡುವೆ ಒಂದು ಗೇಣು ಉಳೀತಾ ನೋಡು. ಅಲ್ಲೇ ಗೊತ್ತಾಗುತ್ತೆ ಯಾವ ಸೈಜು ಅಂತ.

ತಮ್ಮ: ಪೆಟ್ರೋಲ್ ಟ್ಯಾಂಕು ಹಿಡಿಸುತ್ತಾ?

ಚಿಕ್ಕಪ್ಪ: ಟ್ಯಾಂಕ್ ಅದರ ಹತ್ತಿರ ತರಬೇಡಿ. ತೆಳು ತಗಡು, ಒರಟು ಪುಡಿ ಬಿದ್ದರೆ ಸೊಟ್ಟಗಾಗುತ್ತೆ. ಒಳಗೆ ಪೆಟ್ರೋಲ್ ಆವಿ ಉಳಿದಿದ್ರೆ ಇನ್ನೂ ಕಷ್ಟ. ಪುಡಿ ಉಜ್ಜಿ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತೆ, ಕಿಡಿ ಹಾರುತ್ತೆ. ಪೆಟ್ಟಿಗೆಗೂ ಗನ್ನಿಗೂ ಅರ್ಥಿಂಗ್ ವೈರ್ ಕೊಡಿ.

ಭಾವ: ಮರಳು ಬೇಡ ಅಂದ್ರಿ. ಹಾಗಾದ್ರೆ ಹಾಕೋದೇನು? ಅಡುಗೆ ಸೋಡಾ ಹೊಡೆಯೋ ವಿಡಿಯೋ ನೋಡಿದ್ದೆ.

ನಾನು: ಸೋಡಾ ಮೆತ್ತಗಿನದು, ತುಕ್ಕು ಅಲ್ಲಾಡಲ್ಲ. ಅದರ ಪುಡಿ ಉಳಿದ್ರೆ ಪೇಂಟೂ ಕೂರಲ್ಲ, ಚೆನ್ನಾಗಿ ತೊಳೀಬೇಕು. ಕಬ್ಬಿಣದ ತುಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡ್, 80ರ ಗ್ರಿಟ್ಟು. ಗಡಸುತನದಲ್ಲಿ ಮೋಸ್ ಅಳತೆಯಲ್ಲಿ 9, ವಜ್ರ 10. ಹೊಡೆದ ಮೇಲೆ ಮೈ ಒರಟಾಗುತ್ತೆ, ಪ್ರೈಮರ್ ಕಚ್ಚಿ ಹಿಡಿಯುತ್ತೆ. ಆದ್ರೆ ಪ್ರೈಮರ್ ಅವತ್ತೇ ಹೊಡೀಬೇಕು, ಬೆತ್ತಲೆ ಕಬ್ಬಿಣ ಒಂದು ರಾತ್ರಿ ಇಟ್ರೂ ಮತ್ತೆ ತುಕ್ಕು. ಅಲ್ಯೂಮಿನಿಯಂ ಕವರುಗಳಿಗೆ ಗ್ಲಾಸ್ ಬೀಡ್ಸ್. ದುಂಡಗಿನ ಗಾಜಿನ ಮಣಿ, ಕೊರೆಯಲ್ಲ, ತಟ್ಟುತ್ತೆ. ಸ್ಯಾಟಿನ್ ಥರ ಹೊಳಪು ಬರುತ್ತೆ. ಎರಡನ್ನೂ ಬೆರೆಸಬೇಡ, ಬದಲಾಯಿಸುವಾಗ ಪೆಟ್ಟಿಗೆ ಪೂರ್ತಿ ಖಾಲಿ ಮಾಡು.

ನಾನು: ಮುಖ್ಯವಾದ್ದು ಮರೆತೆ. ಇಂಜಿನ್ನಿನ ಆಯಿಲ್ ದಾರಿ ಇರೋ ಯಾವ ಪಾರ್ಟನ್ನೂ ಹಾಕಬೇಡ. ಆ ಸಣ್ಣ ತೂತಲ್ಲಿ ನಾಲ್ಕು ಮಣಿ ಉಳ್ಕೊಂಡ್ರೂ ಆಯಿಲ್ ಜೊತೆ ಬೇರಿಂಗಿಗೆ ಹೋಗಿ ಕೆರೆದು ಹಾಕುತ್ತೆ. ಎಷ್ಟು ತೊಳೆದ್ರೂ ಪೂರ್ತಿ ಹೋಗಿದೆ ಅಂತ ನಂಬೋಕಾಗಲ್ಲ. ಹೊರ ಕವರು, ಹಬ್ಬು, ಬ್ರೇಕ್ ಪ್ಲೇಟು ಅಷ್ಟೆ.

ಅಣ್ಣ: ಕ್ರ್ಯಾಂಕ್‌ಕೇಸೇ ನನ್ನ ಲಿಸ್ಟಲ್ಲಿ ಮೊದಲಿತ್ತು 😐

ತಮ್ಮ: ಅಣ್ಣ ನಾನು ಶೆಡ್ಡಲ್ಲೇ ಇದ್ದೀನಿ. ಕಂಪ್ರೆಸರ್ ಟೆಸ್ಟ್ ಮಾಡ್ತೀನಿ ಇರಿ

ತಮ್ಮ: ಗಾಳಿ ಬಿಡದೆ 5 ಬಾರ್‌ನಿಂದ 7ಕ್ಕೆ ಏರೋಕೆ 45 ಸೆಕೆಂಡ್ ತಗೊಳ್ತು. 50 ಲೀಟರ್ ಟ್ಯಾಂಕು, 2 ಬಾರ್ ಏರಿಕೆ, ಅಂದ್ರೆ 100 ಲೀಟರ್ ಗಾಳಿ. ನಿಮಿಷಕ್ಕೆ 133 ಲೀಟರ್. ಒಂದು ಘನ ಅಡಿಗೆ ಸುಮಾರು 28 ಲೀಟರ್, ಅದರಿಂದ ಭಾಗಿಸಿದ್ರೆ 4.7 ಸಿಎಫ್‌ಎಂ

ಅಣ್ಣ: ಸ್ಟಿಕ್ಕರ್ ಮೇಲೆ 8!!

ತಮ್ಮ: 1/8 ಇಂಚಿನ ಜೆಟ್ ಹಾಕಿದ್ರೆ, ಬರೀ ಟ್ಯಾಂಕಿನ ಗಾಳಿಯಲ್ಲಿ, 7 ಬಾರ್ ಹನ್ನೆರಡು ಸೆಕೆಂಡಿಗೆ 5ಕ್ಕೆ ಇಳಿಯುತ್ತೆ. ಆಮೇಲೆ ಮತ್ತೆ ತುಂಬೋಕೆ 45 ಸೆಕೆಂಡ್ ಸುಮ್ನೆ ನಿಂತಿರ್ಬೇಕು

ಭಾವ: ಹನ್ನೆರಡು ಸೆಕೆಂಡಾ? ಲೆಕ್ಕ ಸರಿ ಇದೆಯೇನೋ?

ತಮ್ಮ: ಸರಿ ಇದೆ ಭಾವ, ನೀವೇ ಮಾಡಿ ನೋಡಿ

ನಾನು: 3/32 ಇಂಚಿನ ಜೆಟ್ ಹಾಕು, ರೆಗ್ಯುಲೇಟರ್ 4 ಬಾರ್‌ಗೆ ಇಳಿಸು. ಸುಮಾರು 7 ಸಿಎಫ್‌ಎಂ ಸಾಕು. ಮಣಿಗೆ ಅದಕ್ಕಿಂತ ಜಾಸ್ತಿ ಒತ್ತಡ ಬೇಕಾಗೂ ಇಲ್ಲ, ಹೆಚ್ಚು ಒತ್ತಿದ್ರೆ ಮಣಿಯೇ ಒಡೆದು ಧೂಳಾಗುತ್ತೆ. ಕಮ್ಮಿ ಬಿದ್ದ ಗಾಳಿ ಟ್ಯಾಂಕಿಂದ ಬರುತ್ತೆ, ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಬಿಡದೆ ಹೊಡೀಬಹುದು. ಬ್ರೇಕ್ ಪ್ಲೇಟಿಗೆ ಸಾಕು. ತುಕ್ಕು ಹಿಡಿದ ಕಬ್ಬಿಣಕ್ಕೆ ಸಾಲಲ್ಲ, ಅದಕ್ಕೆ ಇನ್ನೊಂದು ಕಂಪ್ರೆಸರ್ ಜೋಡಿಸಬೇಕು.

ಅಣ್ಣ: ಭಾವ, ನಿಮ್ಮನೇಲಿ ಒಂದು ಸುಮ್ನೆ ಬಿದ್ದಿದೆಯಲ್ಲ...

ಭಾವ: ಅದಕ್ಕೆ ಬೆಲ್ಟ್ ಇಲ್ಲ.

ಅಕ್ಕ: ಬೆಲ್ಟ್ ಇದೆ. ಡ್ರಾಯರಲ್ಲಿದೆ.

ಭಾವ: 🙏

ನಾನು: ಎರಡನ್ನೂ ಟಿ ಜಾಯಿಂಟ್ ಹಾಕಿ ಸೇರಿಸು, ಆದ್ರೆ ಒಂದೇ ಪ್ಲಗ್ಗಿಗೆ ಕೊಡ್ಬೇಡ. ಸೇರಿದ ಮೇಲೆ ಒಂದಷ್ಟು ಉದ್ದದ ಲೋಹದ ಪೈಪು, ಗಾಳಿ ತಣ್ಣಗಾಗ್ಲಿ, ಆಮೇಲೆ ನೀರು ಹಿಡಿಯೋ ವಾಟರ್ ಟ್ರ್ಯಾಪು. ಬಿಸಿ ಗಾಳಿಗೆ ಟ್ರ್ಯಾಪ್ ಹಾಕಿದ್ರೆ ನೀರು ಆವಿಯಾಗೇ ದಾಟಿ ಗನ್ನಲ್ಲಿ ಹನಿಯಾಗುತ್ತೆ, ಪುಡಿ ಉಂಡೆ ಕಟ್ಟಿ ಪೈಪು ಕಟ್ಟುತ್ತೆ. ಕ್ಯಾಬಿನೆಟ್ ಯಾವುದೇ ಬರ್ಲಿ, ಪುಡಿ ತುಂಬೋ ಮುಂಚೆ ಒಳಗಿನ ಸಂದಿಗೆಲ್ಲ ಸಿಲಿಕೋನ್ ಸೀಲಂಟ್ ಬಳಿ. ಗಾಜಿನ ಒಳಮೈಗೆ ತೆಗೆದು ಹಾಕೋ ಪಾರದರ್ಶಕ ಫಿಲ್ಮ್, ಇಲ್ದಿದ್ರೆ ಕೆಲವೇ ದಿನಕ್ಕೆ ಗಾಜು ಮಸುಕು. ಸೆರಾಮಿಕ್ ನಾಝಲ್ ಬೇಗ ಸವೆಯುತ್ತೆ, ಬೋರಾನ್ ಕಾರ್ಬೈಡ್ ಒಂದು ತರಿಸಿಡು.

ಅಣ್ಣ: ಧೂಳಿಗೆ ಮನೆಯ ವ್ಯಾಕ್ಯೂಮ್ ಸಾಲುತ್ತಾ? ಮಧ್ಯೆ ಗಾಳಿ ಸುತ್ತಿಸಿ ಧೂಳು ಬೀಳಿಸೋ ಸೈಕ್ಲೋನ್ ಡಬ್ಬ ಇಟ್ರೆ?

ನಾನು: ಸೈಕ್ಲೋನ್ ಇಟ್ಟು, ಹಿಂದೆ ಸಣ್ಣ ಧೂಳನ್ನೂ ಹಿಡಿಯೋ ಹೆಪಾ ಫಿಲ್ಟರ್ ಇದ್ರೆ ಸಾಲುತ್ತೆ. ಹೊಡೆದು ಮುಗಿದ ಮೇಲೂ ಒಂದೆರಡು ನಿಮಿಷ ಓಡ್ತಿರ್ಲಿ, ಆಮೇಲೆ ಬಾಗಿಲು ತೆಗಿ. ತೆಗೆಯುವಾಗ ಮುಖಕ್ಕೆ ಸರಿಯಾದ ರೆಸ್ಪಿರೇಟರ್, ಟವೆಲ್ ಅಲ್ಲ.

ಅತ್ತಿಗೆ: ಮನೆಯ ವ್ಯಾಕ್ಯೂಮ್ ಅಂದ್ರೆ ಯಾವುದು?

ಅಣ್ಣ: ಹಳೇದು...

ಅತ್ತಿಗೆ: ಮನೇಲಿರೋದು ಒಂದೇ.

ಅಣ್ಣ: ಸರಿ, ಬೇರೆ ತಗೋತೀನಿ. ಹೊಲಿಗೆ ಮಿಷನ್ ಮೊದಲು ಒಳಗಿನ ರೂಮಿಗೆ ಸಾಗಿಸ್ತೀನಿ. ಭಾವ, ಆ ಮೇಜಿನ ಸೈಜಿಂದು ಬೇಡ, ಬೆಲ್ಟ್ ಮಾತ್ರ ಮರೀಬೇಡಿ. ತಮ್ಮ, ರಟ್ಟಿನ ಡಬ್ಬ ಎಸೀಬೇಡ, ಬರ್ತಿದ್ದೀನಿ