ನೀರು ಬೀಳದ ಬೋರ್‌ವೆಲ್‌ನಿಂದ ಕ್ಯಾಂಪಸ್ಸಿಗೆ ಬಿಸಿನೀರು ಸಾಧ್ಯವೇ?

ಪ್ರಶ್ನೆ (ನಿರ್ವಹಣಾ ವಿಭಾಗ, ಕಲಬುರಗಿ):
ಮಾನ್ಯರೇ, ಕಲಬುರಗಿ ಹೊರವಲಯದ ಒಂದು ಸಂಶೋಧನಾ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡುತ್ತೇನೆ. ಹಾಸ್ಟೆಲ್ಲಿನ ಬಿಸಿನೀರು, ಪ್ರಯೋಗಾಲಯದ ಹಬೆ ಎರಡೂ ಒಂದೇ ಡೀಸೆಲ್ ಬಾಯ್ಲರಿನಿಂದ ಬರುತ್ತಿದ್ದು, ಅದನ್ನು ನಿಲ್ಲಿಸುವ ದಾರಿ ಹುಡುಕುವಂತೆ ಸಮಿತಿ ಸೂಚಿಸಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯವು ತನ್ನ ಕಟ್ಟಡಗಳನ್ನು ಭೂಶಾಖದಿಂದ ಬೆಚ್ಚಗಿಡಬಹುದೇ ಎಂದು ನೋಡಲು 2022ರಲ್ಲಿ ಸುಮಾರು 3 ಕಿಲೋಮೀಟರ್ ಆಳದ ಬಾವಿ ಕೊರೆಸಿದ್ದನ್ನು ಓದಿದೆ. ನಮ್ಮಲ್ಲಿ 600 ಅಡಿ ಕೊರೆದರೂ ನೀರು ಬೀಳದ ಮೂರು ಬೋರ್‌ಗಳು ಬಾಯಿಗೆ ಬಂಡೆ ಹೊತ್ತು ಕುಳಿತಿವೆ. ಇವು ಉಪಯೋಗಕ್ಕೆ ಬಂದಾವೇ?

ಉತ್ತರ 1 (ಭೂವಿಜ್ಞಾನದ ವಿದ್ಯಾರ್ಥಿ, ಯಾದಗಿರಿ):
ಸರ್, ಭೂಮಿಯೊಳಗೆ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಆ ಲೆಕ್ಕದಲ್ಲಿ 600 ಅಡಿಗೆ ಐದು ಡಿಗ್ರಿಯಷ್ಟೇ ಹೆಚ್ಚುವುದರಿಂದ ಸ್ನಾನದ ನೀರು ನೇರವಾಗಿ ಅಲ್ಲಿಂದ ಬರುವುದಿಲ್ಲ. ಆದರೆ ಕೆಲವು ಮೀಟರ್ ಕೆಳಗೆ ಹೋದರೆ ನೆಲದ ಉಷ್ಣಾಂಶ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಡಿಸೆಂಬರಿನ ನಸುಕಿನಲ್ಲಿ ಬೋರಿನ ಮೊದಲ ಬಕೆಟ್ ನೀರು ಕೈಗೆ ಬೆಚ್ಚಗೆ ತಾಕುವುದು ಇದರಿಂದಲೇ. ಬೋರಿನೊಳಗೆ ಪ್ಲಾಸ್ಟಿಕ್ ಪೈಪನ್ನು ಯು ಆಕಾರದಲ್ಲಿ ಇಳಿಸಿ, ಅದರಲ್ಲಿ ನೀರು ಸುತ್ತಿಸಿ, ಆ ಶಾಖವನ್ನು ಹೀಟ್ ಪಂಪಿನಿಂದ (ಕಡಿಮೆ ಬಿಸಿಯನ್ನು ವಿದ್ಯುತ್ತಿನ ನೆರವಿನಿಂದ ಹೆಚ್ಚು ಬಿಸಿಯಾಗಿಸುವ ಯಂತ್ರ) ಮೇಲೆತ್ತಬಹುದು. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ನಾಲ್ಕು ಯೂನಿಟ್ ಶಾಖ ಸಿಗುತ್ತದೆ. ನಿಮ್ಮವು ಒಣ ಬೋರ್‌ಗಳಾದ್ದರಿಂದ ಪೈಪಿನ ಸುತ್ತ ಬೆಂಟೊನೈಟ್ ಮಣ್ಣಿನ ಗಾರೆ ತುಂಬಲೇಬೇಕು. ಗಾಳಿ ಉಳಿದರೆ ಶಾಖ ದಾಟುವುದಿಲ್ಲ.

ಉತ್ತರ 2 (ಏಸಿ ಗುತ್ತಿಗೆದಾರ, ಬೀದರ್):
ಮೇಲಿನವರು ಹೇಳಿದ್ದು ಸರಿ, ಆದರೆ ಅಳತೆ ಮರೆಯಬಾರದು. ಬೋರಿನ ಪ್ರತಿ ಮೀಟರ್ ಆಳಕ್ಕೆ 40 ವ್ಯಾಟ್ ಶಾಖ ಎಂದು ಹಿಡಿದರೆ ಒಂದು ಬೋರ್ ಏಳು ಕಿಲೋವ್ಯಾಟ್ ಕೊಡುತ್ತದೆ. ಕಪ್ಪು ಕಲ್ಲು ಒಣಗಿದ್ದರೆ ಅದಕ್ಕೂ ಕಡಿಮೆ. ಅಮೆರಿಕದ ಇಂಡಿಯಾನಾ ರಾಜ್ಯದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯವು ಕಲ್ಲಿದ್ದಲ ಬಾಯ್ಲರುಗಳನ್ನು ಬಿಡುವುದಕ್ಕೆ ಸುಮಾರು 3,600 ಬೋರ್‌ಗಳ ಯೋಜನೆ ಹಾಕಿತು. ಇನ್ನೊಂದು ಮಾತು: ನಮ್ಮ ಕಡೆ ಕೊಠಡಿ ಕಾಯಿಸುವ ಗೊಡವೆಯೇ ಇಲ್ಲ, ತಂಪು ಮಾಡುವುದೇ ದೊಡ್ಡ ಖರ್ಚು. ಚಿಲ್ಲರ್ (ಕಟ್ಟಡಗಳನ್ನು ತಂಪು ಮಾಡುವ ದೊಡ್ಡ ಯಂತ್ರ) ಹೊರಗೆ ಚೆಲ್ಲುವ ಬಿಸಿಯನ್ನು ಮೊದಲು ಹಿಡಿಯಿರಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2015ರಿಂದ ಕ್ಯಾಂಪಸ್ಸಿನ ಬಹುಪಾಲು ಶಾಖವನ್ನು ಹೀಗೆಯೇ ಪಡೆಯುತ್ತಿದೆ. ಏಸಿಯ ಬಿಸಿಯನ್ನೆಲ್ಲ ಬೋರಿಗೇ ಇಳಿಸಿದರೆ, ವಾಪಸು ತೆಗೆಯುವ ಚಳಿಗಾಲ ನಮ್ಮಲ್ಲಿ ಚಿಕ್ಕದಾದ್ದರಿಂದ, ನೆಲ ವರ್ಷದಿಂದ ವರ್ಷಕ್ಕೆ ಕಾದು ಯಂತ್ರದ ಕ್ಷಮತೆ ಕುಸಿಯುತ್ತದೆ. ಪ್ರಯೋಗಾಲಯದ ಸಾಮಾನನ್ನು ಹಬೆಯಿಂದ ಕ್ರಿಮಿರಹಿತ ಮಾಡುವ ಆಟೋಕ್ಲೇವಿಗೆ ಬೇಕಾದ 121 ಡಿಗ್ರಿಯ ಹಬೆ ಈ ಬಗೆಯ ಪಂಪಿನಿಂದ ಆಗದು. ಅದಕ್ಕೆ ವಿದ್ಯುತ್ತಿನ ಹಬೆಯಂತ್ರವನ್ನೇ ಬೇರೆ ಇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಲಾಗ್ ಪುಸ್ತಕ ತಿರುವಿದಾಗ ತಿಳಿದದ್ದು, ಎರಡು ಆಟೋಕ್ಲೇವ್‌ಗಳ ಸಲುವಾಗಿ ಬಾಯ್ಲರನ್ನು ದಿನವಿಡೀ ಉರಿಸುತ್ತಿದ್ದೆವು. ಮೇ ತಿಂಗಳಿನಲ್ಲಂತೂ ಮಾಳಿಗೆಯ ಟ್ಯಾಂಕಿನ ನೀರೇ ಕೈ ಸುಡುವಷ್ಟು ಕಾದಿರುತ್ತದೆ. ಹಬೆಯನ್ನು ಬೇರ್ಪಡಿಸಿ, ಚಿಲ್ಲರಿನ ಬಿಸಿಯನ್ನು ಹಾಸ್ಟೆಲ್ಲಿಗೆ ತಿರುಗಿಸಿ, ಒಂದು ಬೋರನ್ನು ಮಾತ್ರ ಪರೀಕ್ಷೆಗೆ ತೆಗೆದುಕೊಳ್ಳುವಂತೆ ಬರೆದುಕೊಡುತ್ತೇನೆ. ಬೆಂಟೊನೈಟ್ ತುಂಬಿದ ಅನುಭವವಿರುವ ಬೋರಿನವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಇಲ್ಲಿ ಕೇಳಿದವರೆಲ್ಲ, “ನೀರ ಬೀಳದ ಬೋರಿಗೆ ಮಣ್ಣ ತುಂಬಲಿಕ್ಕೆ ಮತ್ತ ರೊಕ್ಕ ಯಾಕ್ರೀ ಸಾಹೇಬ್ರ?” ಎನ್ನುತ್ತಿದ್ದಾರೆ.