ಹಳೇ ಟಿವಿ ಆಂಟೆನಾದಲ್ಲಿ ಎಫ್‌ಎಂ ಹಿಡಿಯಬಹುದಾ?

ಕೇಳಿದವರು, ಚಿಕ್ಕಬಳ್ಳಾಪುರದಿಂದ: ನಂದಿ ಬೆಟ್ಟದ ಮಗ್ಗುಲಲ್ಲೇ ನಮ್ಮ ಊರು. ಅಮ್ಮನಿಗೆ ಬೆಂಗಳೂರಿನ 101.3 ಕಾಮನಬಿಲ್ಲು, 102.9 ವಿವಿಧಭಾರತಿ ಬೇಕೇ ಬೇಕು. ಹಾಡಿಗಿಂತ ಬುಸ್ ಅನ್ನೋ ಸದ್ದೇ ಜಾಸ್ತಿ. ತಾರಸಿ ಮೇಲೆ ದೂರದರ್ಶನದ ಕಾಲದ ಆಂಟೆನಾ ಇದೆ. ಅದರ ವೈರನ್ನೇ ರೇಡಿಯೊಗೆ ಕೊಟ್ಟರೆ ಆಗುತ್ತಾ?

ಅದೇ ತಾಲ್ಲೂಕಿನವರು: ದಯವಿಟ್ಟು ಆ ಕಂಬ ಗುಜರಿಗೆ ಹಾಕಬೇಡಿ. ಅನಲಾಗ್ ದೂರದರ್ಶನ 2022ರ ಹೊತ್ತಿಗೆ ಬಹುತೇಕ ಕಡೆ ನಿಂತಿತು, ನಿಜ. ಆದರೆ ಬೆಟ್ಟ ಅಡ್ಡ ಇರುವವರಿಗೆ ಎತ್ತರವೇ ಆಸ್ತಿ. ಕಂಬ ಇರಲಿ, ಕಡ್ಡಿ ಬದಲಾಯಿಸಿ. ಕಡ್ಡಿಗಳು ಒಂದು ಮೀಟರಿಗಿಂತ ಚಿಕ್ಕವಾಗಿದ್ದರೆ ಅವು 174 ಮೆಗಾಹರ್ಟ್ಸ್ ಮೇಲಿನ ಚಾನೆಲ್‌ಗಳಿಗೆ ಮಾಡಿದವು. ಎಫ್‌ಎಂ ಇರುವುದು 88ರಿಂದ 108ರ ನಡುವೆ. ಅದಕ್ಕೆ ಉದ್ದ ಬೇಕು.

70 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಪೈಪ್ ತಗೊಳ್ಳಿ. ಒಂದು ಪಿವಿಸಿ ತುಂಡಿನ ಮೇಲೆ ಎರಡನ್ನೂ ಒಂದೇ ಗೆರೆಯಲ್ಲಿ ಕೂರಿಸಿ, ನಡುವೆ ಎರಡು ಬೆರಳು ಜಾಗ ಬಿಡಿ. ಕೇಬಲ್‌ನ ಒಳಗಿನ ತಂತಿ ಒಂದಕ್ಕೆ, ಹೊರಗಿನ ಜಾಲರಿ ಇನ್ನೊಂದಕ್ಕೆ. ಪೈಪ್ ಕಬ್ಬಿಣದ ಕಂಬಕ್ಕೆ ತಾಗಬಾರದು. ಜೋಡಣೆಗೆ ಎಂ-ಸೀಲ್ ಹಚ್ಚಿ, ಮಳೆನೀರು ಕೇಬಲ್ ಒಳಗೆ ಇಳಿದರೆ ಎಲ್ಲಾ ವ್ಯರ್ಥ. ನಿಮಗೆ ಬೆಂಗಳೂರು ದಕ್ಷಿಣಕ್ಕೆ, ಹಾಗಾಗಿ ಪೈಪ್ ಪೂರ್ವ-ಪಶ್ಚಿಮ ಚಾಚಿರಲಿ. ಆಮೇಲೆ ಒಬ್ಬರು ಕೆಳಗೆ ಕೇಳುತ್ತಿರಿ, ಒಬ್ಬರು ಮೇಲೆ ನಿಧಾನ ತಿರುಗಿಸಿ. ಬೇರೆ ಬೆಟ್ಟಕ್ಕೆ ಬಡಿದು ಬರುವ ಅಲೆಯೇ ಕೆಲವೊಮ್ಮೆ ಚೆನ್ನಾಗಿರುತ್ತದೆ. ನೆಟ್ಟಗೆ ನಿಲ್ಲಿಸಿಯೂ ನೋಡಿ.

ಕೋಲಾರದಿಂದ: ನಮಗೆ ಅಂತರಗಂಗೆ ಬೆಟ್ಟ ಅಡ್ಡ. ತಾರಸಿಯ ಈ ಮೂಲೆಯಲ್ಲಿ ಏನೂ ಇಲ್ಲ, ಆ ಮೂಲೆಯಲ್ಲಿ ಸ್ವಚ್ಛವಾಗಿ ಬರುತ್ತದೆ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್, ಅದಕ್ಕೇ ಒಂದು ಹೆಜ್ಜೆ ಸರಿದರೂ ವ್ಯತ್ಯಾಸ. ಮೊದಲು ಸಣ್ಣ ರೇಡಿಯೊ ಹಿಡಿದು ತಾರಸಿ ಪೂರ್ತಿ ಓಡಾಡಿ, ಆಮೇಲೆ ಕಂಬದ ಜಾಗ ಗೊತ್ತು ಮಾಡಿ.

ತುಮಕೂರಿನಿಂದ: ಆಂಟೆನಾಗೆ ಕೈ ಹಾಕೋ ಮುಂಚೆ ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಒಂದೊಂದೇ ಆರಿಸಿ ನೋಡಿ. ಅಗ್ಗದ ಬಲ್ಬುಗಳು ಎಫ್‌ಎಂ ಮೇಲೆ ಸದ್ದು ಚೆಲ್ಲುತ್ತವೆ. ಸೆಟ್‌ನಲ್ಲಿ ಮೋನೊ ಸ್ವಿಚ್ ಇದ್ದರೆ ಹಾಕಿ. ಸಿಗ್ನಲ್ ಕಮ್ಮಿ ಇರುವಾಗ ಸ್ಟೀರಿಯೊದಲ್ಲೇ ಬುಸ್ ಜಾಸ್ತಿ. ಬೂಸ್ಟರ್‌ಗೆ ಸುಮ್ನೆ ದುಡ್ಡು ಹಾಕಬೇಡಿ, ಅದು ಹಾಡಿನ ಜೊತೆ ಸದ್ದನ್ನೂ ದೊಡ್ಡದು ಮಾಡುತ್ತದೆ. ಹಾಕಲೇಬೇಕಂದ್ರೆ ಮೇಲೆ ಆಂಟೆನಾ ಪಕ್ಕದಲ್ಲೇ ಹಾಕಿ, ರೇಡಿಯೊ ಪಕ್ಕದಲ್ಲಲ್ಲ.

ಮೊದಲು ಉತ್ತರಿಸಿದವರು: ಒಂದು ಮಾತು ಬಿಟ್ಟುಹೋಯಿತು. ಕಂಬಕ್ಕೆ ಅರ್ಥಿಂಗ್ ಕೊಡಿಸಿ. ಗುಡುಗುವ ಸೂಚನೆ ಕಂಡರೆ ಮೊದಲೇ ವೈರ್ ಕಿತ್ತಿಡಲು ಅಮ್ಮನಿಗೆ ಹೇಳಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟುವುದೇ ಬೇಡ.