4 ಜಿಬಿ ಲ್ಯಾಪ್‌ಟಾಪಲ್ಲಿ ಒರಾಕಲ್ ಕಲಿಯಬಹುದಾ?

ಶಿರಸಿ ಮಂಡಿ:
ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಡೇಟಾಬೇಸ್ ಕೆಲಸ ಕಲಿಯುವ ಆಸೆ. ಹುಬ್ಬಳ್ಳಿಗೆ ಹೋಗಿ ಕೋರ್ಸ್ ಮಾಡಲು ದುಡ್ಡೂ ಇಲ್ಲ, ರಜೆಯೂ ಇಲ್ಲ. ಇರುವುದು 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. ಒರಾಕಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನ ಪುಕ್ಕಟೆ ಆವೃತ್ತಿ ಅಂದರೆ ಸುಮ್ನೆ ಡೆಮೊನಾ? ತಿಂಗಳಾದ ಮೇಲೆ ದುಡ್ಡು ಕೇಳುತ್ತದಾ?

ಕಾಳಿ ದಂಡೆ, ಕಾರವಾರ:
ಡೆಮೊ ಅಲ್ಲ ತಮಾ, ಅವಧಿ ಮುಗಿಯುವ ಮಾತೇ ಇಲ್ಲ. ನಾನು ಕಲಿತದ್ದೇ ಅದರಲ್ಲಿ, 2007ರಲ್ಲಿ.

ಅದಕ್ಕೂ ಮೊದಲು ಒಂದು ಕೋರ್ಸಿಗೆ ಸೇರಿದ್ದೆ. ಮೂವತ್ತು ಜನಕ್ಕೆ ಒಂದೇ ಸರ್ವರ್. ಎಲ್ಲರಿಗೂ ಒರಾಕಲ್‌ನ ಒಂದೇ ಮಾದರಿ ಖಾತೆ: ಲಾಗಿನ್ ಹೆಸರು ಸ್ಕಾಟ್, ಪಾಸ್‌ವರ್ಡ್ ಟೈಗರ್! ಪಕ್ಕದವನು ಟೇಬಲ್ ಡ್ರಾಪ್ ಮಾಡಿದರೆ, ಅಂದರೆ ಅಳಿಸಿದರೆ, ನನ್ನದೂ ಮಾಯ. ಕಡೆಗೆ ಸರ್, ಡೇಟಾ ಓದುವ ಸೆಲೆಕ್ಟ್ ಬಿಟ್ಟು ಬೇರೇನೂ ಮುಟ್ಟಬೇಡಿ ಅಂದುಬಿಟ್ಟರು.

2006ರಲ್ಲಿ ಒರಾಕಲ್‌ನ ಪುಕ್ಕಟೆ ಆವೃತ್ತಿ 10ಜಿ ಎಕ್ಸ್‌ಪ್ರೆಸ್ ಬಂದಿತ್ತು. ಅದರ ಮಿತಿ ಡೇಟಾ 4 ಜಿಬಿ, ರ‍್ಯಾಮ್ 1 ಜಿಬಿ, ಒಂದೇ ಸಿಪಿಯು. ನನಗೆ ಅದೇ ಜಾಸ್ತಿ. ಮನೆಯ ಕಂಪ್ಯೂಟರಿಗೆ ಹಾಕಿಕೊಂಡೆ. ನಮ್ಮ ಮಳೆಗಾಲದ ಕರೆಂಟು ಗೊತ್ತಲ್ಲ, ಯುಪಿಎಸ್ ಬೇರೆ ಇಲ್ಲ. ಒಂದು ಸಂಜೆ ಸಾಲು ತುಂಬಿಸುತ್ತಿದ್ದಾಗ ದಪ್ ಅಂತ ಹೋಯಿತು. ಎಲ್ಲ ಕೆಟ್ಟಿತು ಅಂದುಕೊಂಡೆ. ಮತ್ತೆ ಶುರು ಮಾಡಿದರೆ ಕಮಿಟ್ (ಬದಲಾವಣೆ ಖಾಯಂ ಮಾಡುವ ಆಜ್ಞೆ) ಕೊಟ್ಟದ್ದೆಲ್ಲ ಇತ್ತು, ಕೊಡದ್ದು ಒಂದೂ ಇರಲಿಲ್ಲ. ಬದಲಾವಣೆಯನ್ನೆಲ್ಲ ಬರೆದಿಡುವ ರೀಡೂ ಲಾಗ್ ಯಾಕೆ ಬೇಕು ಅಂತ ಆವತ್ತು ತಲೆಗೆ ಹೋಯಿತು. ಕೋರ್ಸಿನ ಸರ್ವರಿನ ಪ್ಲಗ್ ಕೀಳಲು ನನ್ನನ್ನು ಯಾರು ಬಿಡುತ್ತಿದ್ದರು ಹೇಳು!

ಕುಮಟಾದವ:
ಸಣ್ಣ ಸೇರಿಕೆ. ಅಪ್ಲಿಕೇಶನ್ ಮಾಡಿ ನೋಡಲು ಒರಾಕಲ್‌ನ ದೊಡ್ಡ ಆವೃತ್ತಿಯನ್ನೂ ಆಗ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು ಮಾರಾಯ್ರೆ. ನಮ್ಮ ಡಬ್ಬಾ ಕಂಪ್ಯೂಟರ್ ತಡೆಯುತ್ತಿರಲಿಲ್ಲ, ಅಷ್ಟೇ.

ಒರಾಕಲ್‌ನ ಈಗಿನ ಪುಕ್ಕಟೆ ಆವೃತ್ತಿಯ ಮಿತಿ ಡೇಟಾ 12 ಜಿಬಿ, ರ‍್ಯಾಮ್ 2 ಜಿಬಿ. 4 ಜಿಬಿ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ, ಆದರೂ ನಡೆಯುತ್ತದೆ. ವಿಂಡೋಸ್ ಸರ್ವೀಸಸ್‌ನಲ್ಲಿ ಅದನ್ನು ಮ್ಯಾನುವಲ್‌ಗೆ ಹಾಕಿ, ಕಲಿಯುವಾಗ ಮಾತ್ರ ಶುರು ಮಾಡಿ. ಮೈಕ್ರೋಸಾಫ್ಟಿನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರಿನ ಡೆವಲಪರ್ ಆವೃತ್ತಿಯೂ 2016ರಿಂದ ಪುಕ್ಕಟೆ. ಅದರಲ್ಲಿ ದುಡ್ಡು ಕೊಟ್ಟು ಕೊಳ್ಳುವ ಎಂಟರ್‌ಪ್ರೈಸ್ ಆವೃತ್ತಿಯ ಸೌಲಭ್ಯ ಎಲ್ಲ ಉಂಟು, ಆದರೆ ಮಂಡಿಯ ನಿಜವಾದ ಲೆಕ್ಕ ಅದರಲ್ಲಿ ನಡೆಸುವ ಹಾಗಿಲ್ಲ. ಒರಾಕಲ್‌ನ ಪುಕ್ಕಟೆ ಆವೃತ್ತಿಯಲ್ಲಿ ನಡೆಸಬಹುದು.

ಶಿರಸಿ ಮಂಡಿ:
ಇವತ್ತೇ ಇಳಿಸುತ್ತೇನೆ. ಮೊದಲ ಟೇಬಲ್ಲಿಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಬರೆದಿಟ್ಟಿದ್ದೇನೆ. ದರ ದಿನಾ ಬದಲಾಗುತ್ತದೆ. ಅದಕ್ಕೆ ಬೇರೆ ಟೇಬಲ್ ಬೇಕಾ?

ಕಾಳಿ ದಂಡೆ, ಕಾರವಾರ:
ಬೇಕು. ತಾರೀಕು, ಅಡಿಕೆಯ ಬಗೆ ಎರಡೂ ಸೇರಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ ಗುರುತು. ಮಾಡಿ ಇಲ್ಲಿ ಹಾಕು, ನೋಡುವಾ.